ಅಲ್ಲಿ ಯಾರಿದ್ದಾರೆ?

ನಮ್ಮ ಮಲಗುವ ಕೋಣೆಯ ಬಾಗಿಲ ಹಿಂದೆ ಒಂದು ಬೆನ್ನುಚೀಲ ನೇತಾಡುತ್ತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸೋಪಿನ ಪುಡಿಯಲ್ಲಿ ನೆನೆಸಿದ್ದಾಯಿತು, ಲಿಂಬೆಹುಳಿ ತಿಕ್ಕಿದ್ದಾಯಿತು, ಬಹ್ರೇನಿನ ಜುಲೈ ಬಿಸಿಲಿಗೆ ಟೆರೇಸಿನಲ್ಲಿ ಒಣಹಾಕಿದ್ದಾಯಿತು. ಒಣ ಸಿಗಡಿಯ ವಾಸನೆ ಮಾತ್ರ ಜಪ್ಪಯ್ಯ ಎಂದರೂ ಹೋಗಿಲ್ಲ. ನನ್ನೊಟ್ಟಿಗೆ ದಕ್ಷಿಣ ಅಮೆರಿಕವನ್ನೇ ಸುತ್ತಿ ಬಂದ ಚೀಲ ಅದು. ಲಿಮಾ ಕಂಡಿದೆ, ಲಾ ಪಾಸ್ ಕಂಡಿದೆ, ಸಾವೊ ಪಾಲೊ ಕಂಡಿದೆ. ಮೂಸಿ ನೋಡಿದರೆ ಮಲ್ಪೆ ಬಂದರು!

ನರ್ಸ್ ಎಂದರೆ ತಾಳ್ಮೆಯ ಮೂರ್ತಿ ಎಂದು ಜನ ತಿಳಿದುಕೊಂಡಿದ್ದಾರೆ. ಆ ತಾಳ್ಮೆಗೆ ಸಂಬಳ ಕೊಡುತ್ತಾರೆ ಸ್ವಾಮಿ, ಅದಕ್ಕೇ ಡ್ಯೂಟಿಯ ಹೊತ್ತಿನಲ್ಲಿ ಇರುತ್ತದೆ. ಯೂನಿಫಾರ್ಮ್ ಕಳಚಿದ ಮೇಲೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ನನ್ನ ಗಂಡನನ್ನು ಕೇಳಿ ನೋಡಿ. ಆದರೆ ಈ ಚೀಲದ ವಿಷಯದಲ್ಲಿ ನ್ಯಾಯ ನನ್ನ ಕಡೆಗಿದೆ. ಪೂರ್ತಿ ಕೇಳಿದ ಮೇಲೆ ನೀವೇ ಹೇಳಿ.

ಗಲ್ಫಿನಲ್ಲಿರುವ ನಮ್ಮ ಜನರಿಗೆ ‘ಲೀವ್’ ಎಂದರೆ ಒಂದೇ ಅರ್ಥ, ಊರಿಗೆ ಹೋಗುವುದು. ಬೇರೆಯವರು ರಜೆಯಲ್ಲಿ ಮಲಗುತ್ತಾರಂತೆ, ಓದುತ್ತಾರಂತೆ, ಸುಮ್ಮನೆ ಎಲ್ಲೋ ಹೋಗುತ್ತಾರಂತೆ. ನಾವು ರಜೆಯಲ್ಲಿ ಓವರ್‌ಟೈಮ್ ಮಾಡುತ್ತೇವೆ. ತಮ್ಮನ ಮದುವೆಗೆ ಒಂದು ಲೀವ್, ನಾದಿನಿಯ ಬಾಣಂತನಕ್ಕೆ ಒಂದು ಲೀವ್, ಮನೆಯ ಹಂಚು ತೆಗೆದು ಸ್ಲ್ಯಾಬ್ ಹಾಕಿಸಲಿಕ್ಕೆ ಒಂದು ಲೀವ್, ಆ ಸ್ಲ್ಯಾಬ್ ಸೋರಿದಾಗ ಜಗಳವಾಡಲಿಕ್ಕೆ ಇನ್ನೊಂದು ಲೀವ್. ಮನಾಮದ ನಮ್ಮ ಆಸ್ಪತ್ರೆಗೆ ಸೇರಿದಾಗ ನನಗೆ ಕಪ್ಪು ಜಡೆ ಇತ್ತು. ಈಗ ಬಣ್ಣ ಹಚ್ಚಿದ ಮೋಟು ಕೂದಲಿದೆ. ಇಷ್ಟರ ನಡುವೆ ನನ್ನದು ಎಂದು ಹೇಳಿಕೊಳ್ಳುವ ಒಂದು ಲೀವ್ ನನಗೆ ಸಿಕ್ಕಿರಲಿಲ್ಲ.

ನನ್ನ ಆಸೆಯಾದರೂ ಎಷ್ಟು ದೊಡ್ಡದು? ನಗಬೇಡಿ. ಯಾವುದಾದರೊಂದು ದೂರದ ಊರಿನ ಚೌಕದಲ್ಲಿ, ಒಂದು ಬೆಂಚಿನ ಮೇಲೆ, ಒಂದು ಇಡೀ ದಿನ ಕೂರಬೇಕು. ಅಲ್ಲಿ ನಮ್ಮವರು ಎನ್ನುವ ಒಂದು ನರಪಿಳ್ಳೆಯೂ ಇರಬಾರದು. ಯಾರೂ ‘ಸಿಸ್ಟರ್’ ಎಂದು ಕರೆಯಬಾರದು, ‘ಊಟ ಆಯ್ತಾ’ ಎಂದು ಕೇಳಬಾರದು, ತನ್ನ ಶುಗರ್ ರಿಪೋರ್ಟನ್ನು ಮೊಬೈಲಿನಲ್ಲಿ ತೋರಿಸಬಾರದು. ಇಷ್ಟೇ. ಇದಕ್ಕೆ ಅಷ್ಟು ದೂರ ಯಾಕೆ ಎನ್ನುತ್ತೀರಾ? ಹತ್ತಿರದಲ್ಲಿ ಅಂಥ ಜಾಗ ಇದ್ದರೆ ತೋರಿಸಿ. ದುಬೈಯಲ್ಲಿ ಲಿಫ್ಟ್ ಹತ್ತಿದರೆ ಬಂಟ್ವಾಳದವರು, ಲಂಡನ್ನಿನಲ್ಲಿ ಚರ್ಚಿಗೆ ಹೋದರೆ ನನ್ನ ಶಾಲೆಯ ಹುಡುಗಿ. ಭೂಪಟ ತೆಗೆದು ನೋಡುತ್ತಾ ನೋಡುತ್ತಾ ನಮ್ಮವರು ಮುಟ್ಟಿರಲಾರದ ಮೂಲೆ ಎಂದು ನನಗೆ ಕಂಡದ್ದು ದಕ್ಷಿಣ ಅಮೆರಿಕ. ಎಂಥ ಮೂರ್ಖತನ ಅಂತ ಈಗ ಗೊತ್ತಾಗುತ್ತದೆ.

ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ, ಅದೇ ಮೊದಲ ತಪ್ಪು. ವಾರದ ರಜೆಯ ಶುಕ್ರವಾರ ಸಂಜೆ ಮನಾಮದ ಅದ್ಲಿಯಾದಲ್ಲಿ ಕರಕ್ ಚಹಾ ಕುಡಿಯುತ್ತಾ ಗೆಳತಿಯರಿಬ್ಬರಿಗೆ ವಿಷಯ ಹೇಳಿದೆ. ಒಬ್ಬಳು ಹಿಲ್ಡಾ, ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಚಾದರದ ಮೇಲೆ ಒಂದು ಸುಕ್ಕು ಕಂಡರೆ ಇಡೀ ಮಹಡಿ ನಡುಗುತ್ತದೆ. ಇನ್ನೊಬ್ಬಳು ಉಡುಪಿಯ ಶಕುಂತಳಾ, ನಮಗೆ ಶಕ್ಕು, ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನಲ್ಲಿದ್ದಾಳೆ. ಇಬ್ಬರೂ ಚಹಾ ಕೆಳಗಿಟ್ಟು ಒಂದೇ ಸ್ವರದಲ್ಲಿ ಕೇಳಿದರು. “ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ಅದಕ್ಕೇ ಹೋಗುವುದು” ಎಂದೆ.

ಆಮೇಲೆ ಈ ಪ್ರಶ್ನೆಯನ್ನು ಎಷ್ಟು ಬಾಯಿಂದ ಕೇಳಿದೆನೋ! ಚರ್ಚಿನ ಮೆಟ್ಟಿಲಲ್ಲಿ, ದಿನಸಿ ಮಾರುವ ಕೋಲ್ಡ್ ಸ್ಟೋರಿನ ಕೌಂಟರಿನಲ್ಲಿ, ವಾರ್ಡಿನಲ್ಲಿ ಸಿರಿಂಜ್ ಹಿಡಿದುಕೊಂಡಿರುವಾಗ. ನಮ್ಮವರ ಲೆಕ್ಕದಲ್ಲಿ ಜಗತ್ತಿನಲ್ಲಿ ಇರುವುದು ದೇಶಗಳಲ್ಲ, ಅಣ್ಣ ಇರುವ ಜಾಗ, ಅತ್ತಿಗೆಯ ತಂಗಿ ಇರುವ ಜಾಗ. ಯಾರೂ ಇಲ್ಲದ ಜಾಗಕ್ಕೆ ಹೋಗುವವರಿಗೆ ತಲೆ ಸರಿಯಿಲ್ಲ. ಊರಿನಿಂದ ಅಮ್ಮ ಫೋನ್ ಮಾಡಿ, “ಮನೆಯಲ್ಲಿ ಜಗಳ ಗಿಗಳ ಎಂತಾದರೂ ಉಂಟಾ ಮಗಾ?” ಎಂದು ಮೆಲ್ಲಗೆ ವಿಚಾರಿಸಿದರು. ಗಂಡ ಮಾತ್ರ ಒಂದೇ ಉಸಿರಿಗೆ ಹೋಗಿ ಬಾ ಎಂದ. ಅವನ ಮುಖದಲ್ಲಿ ಅಷ್ಟು ಸಂತೋಷ ಕಂಡು ಅದಕ್ಕೂ ಸಿಟ್ಟು ಬಂತು.

ಅಂತೂ ಇಬ್ಬರೂ ಒಪ್ಪಿದರು. ಖರ್ಚು ಬಿಗಿಯಾಗಿರಬೇಕು, ಬೆನ್ನಿಗೊಂದೊಂದು ಚೀಲ, ಬಸ್ಸಿನಲ್ಲಿ ಓಡಾಟ, ಪ್ರವಾಸಿಗಳ ಹಾಸ್ಟೆಲಿನ ಅಟ್ಟದ ಮಂಚದಲ್ಲಿ ನಿದ್ದೆ. ಈ ವಯಸ್ಸಿನಲ್ಲಿ ಅಟ್ಟದ ಮಂಚ ಹತ್ತುವುದು ಹೇಗೆಂದು ಶಕ್ಕು ಕೇಳಿದಳು. ಹತ್ತುವುದು ಕಷ್ಟವಲ್ಲ ಮಾರಾಯ್ತಿ, ಇಳಿಯುವುದು ನೋಡುವ ಎಂದೆ. ವೀಸಾ ಹೇಗೆ ಸಿಕ್ಕಿತು ಎಂದು ಕೇಳಬೇಡಿ, ಅದು ಬೇರೆಯೇ ಒಂದು ಸಿಟ್ಟು. ಆಸ್ಪತ್ರೆಯವರು ರಜೆ ಕೊಟ್ಟರು, ಗಂಡ ಒಪ್ಪಿದ, ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಹಿಲ್ಡಾ.

ಒಂದು ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಓಡೋಡಿ ಬಂದಳು. “ರೂಮಿನ ಖರ್ಚೇ ಇಲ್ಲ! ಲಿಮಾದಲ್ಲಿ ನಮ್ಮ ಕಡೆಯ ಸಿಸ್ಟರ್‌ಗಳ ಕಾನ್ವೆಂಟ್ ಉಂಟು. ಲಾ ಪಾಸಿನಲ್ಲಿ ಲವೀನಾಳ ಅಮ್ಮನ ತಂಗಿ ಸಿಸ್ಟರ್ ಬೆನಿಟಾ ಇದ್ದಾರೆ. ಸಾವೊ ಪಾಲೊದಲ್ಲಿ ಕಾರ್ಕಳದ ಒಬ್ಬರು ಫಾದರ್. ಎಲ್ಲರಿಗೂ ಫೋನ್ ಮಾಡಿ ಆಯ್ತು!”

ನನ್ನ ಬೆಂಚು ಆ ಕ್ಷಣದಲ್ಲೇ ಮುರಿಯಿತು. ಹಾಸ್ಟೆಲ್ ಎಂದು ಬಾಯಿ ತೆರೆದೆ. “ಪುಕ್ಕಟೆ ಸಿಗುವಾಗ ಯಾರಾದರೂ ದುಡ್ಡು ಕೊಡ್ತಾರಾ? ಮತ್ತೆ ಅವರು ಪಾಪ, ನಮ್ಮವರ ಮುಖ ನೋಡದೆ ಎಷ್ಟು ವರ್ಷವಾಯ್ತೋ” ಎಂದಳು. ಈ ‘ಪಾಪ’ ಎಂಬ ಶಬ್ದದ ಎದುರು ನಮ್ಮೂರಿನಲ್ಲಿ ಯಾರೂ ಗೆದ್ದದ್ದಿಲ್ಲ.

ಆಮೇಲೆ ಪಾರ್ಸೆಲ್‌ಗಳು ಶುರುವಾದವು. ಗಲ್ಫಿನಿಂದ ಯಾರಾದರೂ ಹೊರಟರೆ ಅವರ ಚೀಲದಲ್ಲಿ ಅರ್ಧ ಊರಿನ ಸಾಮಾನು ಹೋಗಬೇಕು, ಅದು ನಮ್ಮ ಕ್ರಮ. ನಾವು ಹೊರಟದ್ದು ಮಂಗಳೂರಿಗಲ್ಲ ಎಂಬುದು ಯಾರ ತಲೆಗೂ ಹೋಗಲಿಲ್ಲ. ನನಗೆ ಪರಿಚಯವೇ ಇಲ್ಲದವರು ಬಂದು ಹಪ್ಪಳದ ಕಟ್ಟು ಕೊಟ್ಟರು. ಲವೀನಾ ಎಂದರೆ ನಮ್ಮ ಚರ್ಚಿನವಳೇ, ಅವಳ ಗಂಡ ಅಸ್ಕರ್ ಎಂಬ ಊರಿನ ಕಡೆ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿದ್ದಾನೆ. ಅಲ್ಲಿಂದ ಕಾರು ಮಾಡಿಕೊಂಡು ಬಂದು ಚಿಕ್ಕಮ್ಮನಿಗೆಂದು ಕುಚ್ಚಲಕ್ಕಿಯ ದೊಡ್ಡ ಗಂಟು, ಬಾಫಾತ್ ಪುಡಿಯ ಡಬ್ಬಿ, ಒಣ ಸಿಗಡಿ ಎಲ್ಲ ಇಟ್ಟು ಹೋದಳು. ಹಿಲ್ಡಾ ನನ್ನ ಚೀಲ ಎತ್ತಿ ನೋಡಿ, “ನಿನ್ನದರಲ್ಲಿ ಜಾಗ ಉಂಟಲ್ಲ!” ಎಂದಳು. ಇತ್ತು. ಬೇಕೆಂದೇ ಖಾಲಿ ಇಟ್ಟಿದ್ದೆ. ನಮ್ಮವರಿಗೆ ಖಾಲಿ ಜಾಗ ಕಂಡರೆ ತಡೆಯುವುದಿಲ್ಲ, ಚೀಲದಲ್ಲಾಗಲಿ ದಿನದಲ್ಲಾಗಲಿ.

ಈ ಬಾಫಾತ್ ಪುಡಿಯ ಬಗ್ಗೆ ಒಂದು ಮಾತು. ನಮ್ಮ ಕ್ರಿಶ್ಚಿಯನ್ ಮನೆಗಳ ಖಾರದ ಪುಡಿ ಅದು, ಮುಕ್ಕಾಲು ಪಾಲು ಒಣಮೆಣಸು. ಈ ಮೆಣಸು ನಮ್ಮ ಅಜ್ಜಿಯರ ಅಂಗಳದಲ್ಲೇ ಹುಟ್ಟಿದ್ದೆಂದು ನಾವು ಹೆಮ್ಮೆಪಡುತ್ತೇವೆ. ಹುಟ್ಟಿದ್ದು ಅಮೆರಿಕದಲ್ಲಿ! ಬಟಾಟೆ, ಗೇರು, ಅನನಾಸು, ಪೇರಳೆ, ಎಲ್ಲವೂ ಆ ಕಡೆಯವೇ. ಪೋರ್ಚುಗೀಸರು ಹಡಗಿನಲ್ಲಿ ಹೇರಿಕೊಂಡು ಬಂದು ನಮ್ಮ ಕರಾವಳಿಗೆ ಇಳಿಸಿದರು. ಅವರಾದರೂ ಹೊಸ ಸಾಮಾನು ತಂದರು. ಮೆಣಸಿನ ತವರಿಗೆ ಮೆಣಸಿನ ಪುಡಿ ಹೊತ್ತು ಸಮುದ್ರ ದಾಟಿದ ಕೀರ್ತಿ ಮಾತ್ರ ನಮ್ಮ ಮೂವರದು.

ಲಿಮಾ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ನಾಯಿ ನೂರಾರು ಚೀಲಗಳನ್ನು ಬಿಟ್ಟು ನನ್ನ ಚೀಲದ ಪಕ್ಕದಲ್ಲಿ ಬಂದು ಕೂತಿತು. ಎದ್ದೇಳಲೇ ಇಲ್ಲ, ಪ್ರೀತಿಯಿಂದ ನನ್ನನ್ನೇ ನೋಡುತ್ತಿತ್ತು. ಅಧಿಕಾರಿ ಚೀಲ ಬಿಚ್ಚಿಸಿದ. ಸಿಗಡಿಯನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದ. ಅಕ್ಕಿ ಕೆಂಪಗಿರುವುದನ್ನು ಕಂಡು ಗಾಬರಿಯಾದ. ಇದು ಬೇಯಿಸಿ ಒಣಗಿಸಿದ ಅಕ್ಕಿ ಎಂದು ಹಿಲ್ಡಾ ಕೈಕಾಲೆಲ್ಲ ಆಡಿಸಿ ಅಭಿನಯ ಮಾಡಿದಳು. ಅವನಿಗೆ ಸಾಕಾಗಿ ಬಿಟ್ಟುಬಿಟ್ಟ. ಹೀಗೆ ಸಿಗಡಿ ಪೆರುವಿನಲ್ಲಿ ಉಳಿಯಿತು, ಅದರ ಆತ್ಮ ನನ್ನ ಚೀಲದಲ್ಲಿ ಉಳಿಯಿತು. ಸಾಲಿನಲ್ಲಿ ನಿಂತಿದ್ದವರೆಲ್ಲ ಮೂಗು ಮುಚ್ಚಿಕೊಂಡು ನನ್ನನ್ನು ನೋಡಿದರು. ಶಕ್ಕು ಸಸ್ಯಾಹಾರಿ, ತಾನು ಬೇರೆ ಸಂಸಾರದವಳು ಎಂಬಂತೆ ದೂರ ಹೋಗಿ ನಿಂತಿದ್ದಳು.

ಲಿಮಾದ ಸಿಸ್ಟರ್‌ಗಳು ಒಳ್ಳೆಯವರು, ಅದನ್ನೇ ಹೇಳಿ ಸಿಟ್ಟು ಮಾಡಿಕೊಳ್ಳಬೇಕಾಗಿ ಬರುತ್ತದೆ. ಕಾನ್ವೆಂಟಿನಿಂದ ನಾಲ್ಕು ಹೆಜ್ಜೆ ನಡೆದರೆ ಶಾಂತ ಮಹಾಸಾಗರವಂತೆ. ನಾನು ನೋಡಿದ್ದು ಅವರ ಅಡಿಗೆಮನೆ. ಬೆಳಿಗ್ಗೆ ನೀರ್ದೋಸೆ, ಮಧ್ಯಾಹ್ನ ಮೀನಿನ ಸಾರು, ಸಂಜೆ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ, ಅದಾದ ಮೇಲೆ ಬಹ್ರೇನಿಗೆ ವಿಡಿಯೋ ಕಾಲ್. ಫೋನಿನ ಆ ಕಡೆಯಿಂದ ನನ್ನ ಗಂಡ, “ಹೇಗುಂಟು ಪೆರು?” ಎಂದು ಕೇಳಿದ. “ನಮ್ಮ ಕಿನ್ನಿಗೋಳಿಯ ಹಾಗೆ ಉಂಟು” ಎಂದೆ. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಶಕ್ಕುವಿಗಂತೂ ಸ್ವರ್ಗ. “ಎಂಥ ಶಾಂತಿ ಮಾರಾಯ್ತಿ ಈ ಕಾನ್ವೆಂಟಿನಲ್ಲಿ!” ಎನ್ನುತ್ತಾ ತೇರ್ಸಿಗೂ ಕೂತಳು, ಹಪ್ಪಳವನ್ನೂ ಕರಿದಳು.

ಲಾ ಪಾಸ್ ಮುಟ್ಟಿದಾಗ ನನ್ನ ಸಹನೆ ಮುಗಿದಿತ್ತು. ಬಸ್ಸಿಳಿದ ಕೂಡಲೇ ಉಸಿರು ಕಟ್ಟಿತು. ಆ ಊರು ಅಷ್ಟು ಎತ್ತರದಲ್ಲಿದೆ, ಹತ್ತು ಹೆಜ್ಜೆ ಇಟ್ಟರೆ ಎದೆ ಡಬಡಬ. ಅಂಥಲ್ಲಿ ಜಗಳ ಮಾಡುವುದು ಸುಲಭವಲ್ಲ. ಒಂದು ಮಾತಾಡಿ ಸ್ವಲ್ಪ ನಿಂತು, ಮತ್ತೊಂದು ಮಾತಾಡಬೇಕು. ಆದರೂ ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಆಡಿಯೇ ಬಿಟ್ಟೆ. “ಖಲಾಸ್! ನಾನು ಬರುವುದಿಲ್ಲ. ಎದುರಿಗೆ ಹಾಸ್ಟೆಲ್ ಉಂಟು, ಅಲ್ಲಿಗೆ ಹೋಗ್ತೇನೆ. ನನ್ನ ಜನ್ಮದಲ್ಲಿ ಒಂದು ಲೀವ್ ಹಿಲ್ಡಾ, ಒಂದು! ಅದರಲ್ಲಿ ಒಂದು ದಿನ ನನ್ನದು ಬೇಡವಾ?”

ಹಿಲ್ಡಾ ಉಸಿರು ತೆಗೆದುಕೊಂಡು ಹೇಳಿದಳು. “ನಿನಗೆ ಮಾತ್ರವಾ ಲೀವು? ಸಿಸ್ಟರ್ ಬೆನಿಟಾ ಪಾಪ, ಪ್ರಾಯ ಆದವರು, ಊಟ ಮಾಡದೆ ಕಾಯ್ತಿದ್ದಾರಂತೆ. ಅವರ ಅಕ್ಕಿ ನಿನ್ನ ಬೆನ್ನ ಮೇಲುಂಟು.”

ಹೌದು, ಅಕ್ಕಿ ನನ್ನ ಬೆನ್ನ ಮೇಲಿತ್ತು. ಹೋದೆ.

ಸಿಸ್ಟರ್ ಬೆನಿಟಾ ಬೆಳ್ತಂಗಡಿ ಕಡೆಯವರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಗಾಳಿಗೆ ಕೆಂಪಾದ ಕೆನ್ನೆಯ ಮುದುಕಿ. ಕೋಕಾ ಎಲೆಯ ಬಿಸಿ ಕಷಾಯ ಕೊಟ್ಟು ಕೂರಿಸಿದರು. ಹಿಲ್ಡಾ, ಶಕ್ಕು ತಲೆನೋವೆಂದು ಮಲಗಲು ಹೋದರು. ನಾನು ಅಡಿಗೆಮನೆಗೆ ಹೋಗಿ ಅಕ್ಕಿಯ ಗಂಟನ್ನು ಮೇಜಿನ ಮೇಲೆ ದೊಪ್ಪನೆ ಇಟ್ಟೆ. ಕಣ್ಣೀರು ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಗಂಟನ್ನು ಬೆರಳಲ್ಲಿ ಒತ್ತಿ ನೋಡಿದರು.

“ಪುನಃ ಅಕ್ಕಿಯಾ?” ಎಂದರು. ನಾನು ದಂಗಾದೆ.

“ನಾನು ಇಲ್ಲಿಗೆ ಬರುವಾಗ ಲವೀನಾ ಹುಟ್ಟಿರಲಿಲ್ಲ. ಆವತ್ತಿನಿಂದ ಬರ್ತಾ ಉಂಟು ಈ ಅಕ್ಕಿ. ಮೊದಲು ಅವಳಮ್ಮ, ಈಗ ಇವಳು. ನಿನಗೆ ಎಂತ ಬೇಕು ಅಂತ ಒಬ್ಬರಾದರೂ ಕೇಳಿದ್ದುಂಟಾ? ಸಣ್ಣದಿರುವಾಗಲೇ ನನಗೆ ಕುಚ್ಚಲಕ್ಕಿ ಗಂಜಿ ಕಂಡರೆ ಆಗ್ತಿರಲಿಲ್ಲ! ಮತ್ತೆ ಈ ಎತ್ತರದಲ್ಲಿ ಇದು ಬೇಯುವುದೂ ಇಲ್ಲ. ಬೆಳಿಗ್ಗೆ ಒಲೆ ಮೇಲಿಟ್ಟರೆ ಸಂಜೆಗೂ ಕಲ್ಲು.”

ಒಣ ಸಿಗಡಿಯೂ ಇತ್ತು, ಲಿಮಾದಲ್ಲಿ ಬಿಸಾಡಿದರು ಎಂದೆ. “ದೇವರು ದೊಡ್ಡವ” ಎಂದು ಶಿಲುಬೆಯ ಗುರುತು ಮಾಡಿಕೊಂಡರು.

ಆ ಹೊತ್ತಿಗೆ ನನಗಾದ ಸಂತೋಷವನ್ನು ಹೇಗೆ ಹೇಳಲಿ! ನನ್ನಷ್ಟೇ ಸಿಟ್ಟಿನ ಒಂದು ಜೀವ ಭೂಮಿಯ ಮೇಲಿದೆ ಎಂದು ತಿಳಿಯಲು ಅಷ್ಟು ದೂರ ಹೋಗಬೇಕಾಯಿತು. ಅವರಿಗೆ ಬೇಕಾದದ್ದು ಆ ಊರಿನ ಬಟಾಟೆ. ಹಳದಿ, ನೇರಳೆ, ಕಪ್ಪು, ಹೆಬ್ಬೆರಳಿನಷ್ಟು ಸಣ್ಣವು. ಉಪ್ಪು ಹಾಕಿ ಬೇಯಿಸಿ ತಟ್ಟೆಯಲ್ಲಿ ಸುರಿದರು. ಇಬ್ಬರೂ ಸಿಪ್ಪೆ ಸುಲಿದು ತಿಂದೆವು. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡಿ ಕೇಳಿದರು. “ನಿನಗೆ ಎಂತ ಬೇಕು?”

ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿರದ ಪ್ರಶ್ನೆ. ಕೈಯಲ್ಲಿದ್ದ ಬಟಾಟೆಯನ್ನು ತಟ್ಟೆಗೆ ಇಟ್ಟೆ. “ಒಂದು ದಿನ ಯಾರೂ ಬೇಡ ಸಿಸ್ಟರ್. ಒಂದು ಬೆಂಚು ಸಾಕು” ಎಂದೆ.

ಅವರು ನಗಲಿಲ್ಲ. “ಹಾಗಂತ ಅವರ ಹತ್ತಿರ ಹೇಳಿದರೆ ಬಿಡ್ಲಿಕ್ಕಿಲ್ಲ. ನಿನಗೆ ಬೇಜಾರಾಗಿದೆ ಅಂತ ಇಬ್ಬರೂ ಬಂದು ಪಕ್ಕದಲ್ಲೇ ಕೂರ್ತಾರೆ. ಕೆಲಸ ಉಂಟು ಅಂತ ಹೇಳಬೇಕು. ನಮ್ಮ ಹೆಂಗಸರನ್ನು ಹೊರಗೆ ಬಿಡುವುದು ಇನ್ನೊಬ್ಬರ ಕೆಲಸಕ್ಕೆ ಮಾತ್ರ.”

ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಎಲ್ಲರೆದುರು ಗಂಭೀರವಾಗಿ ಹೇಳಿದರು. “ಇವಳು ನನ್ನದೊಂದು ಕೆಲಸಕ್ಕೆ ಪೇಟೆಗೆ ಹೋಗ್ಲಿಕ್ಕುಂಟು. ಒಬ್ಬಳೇ ಹೋಗಬೇಕು. ಸಂಜೆಯಾಗಬಹುದು.” ಹಿಲ್ಡಾ ಎಂತ ಕೆಲಸ ಎಂದೂ ಕೇಳಲಿಲ್ಲ. ನನ್ನ ಆಸೆಗೆ ಸಿಗದ ದಿನ, ಸಿಸ್ಟರರ ಕೆಲಸ ಎಂದ ಕೂಡಲೇ ಸಿಕ್ಕಿಬಿಟ್ಟಿತು. ಬಾಗಿಲ ಹತ್ತಿರ ಸಿಸ್ಟರ್ ಕಿವಿಯಲ್ಲಿ, “ಹೋಗು, ಕೂತ್ಕೋ. ಬರುವಾಗ ಸ್ವಲ್ಪ ಒಣ ಬಟಾಟೆ ಹಿಡ್ಕೊಂಡು ಬಾ, ಕೈಬೀಸಿ ಬಂದರೆ ಸಂಶಯ ಬರ್ತದೆ” ಎಂದರು.

ಚೌಕದಲ್ಲಿ ಬೆಂಚು ಇತ್ತು. ಕೂತೆ. ಎದುರಿಗೆ ರಾಶಿ ಪಾರಿವಾಳ. ದುಂಡು ಟೋಪಿ ಇಟ್ಟು, ನೆರಿಗೆ ಲಂಗ ಉಟ್ಟ ಹೆಂಗಸರು ನಮ್ಮೂರ ಮೀನು ಮಾರುವವರ ಹಾಗೆಯೇ ಸೊಂಟಕ್ಕೆ ಕೈಯಿಟ್ಟು ಮಾತಾಡುತ್ತಿದ್ದರು, ಒಂದು ಶಬ್ದ ನನಗೆ ಅರ್ಥವಾಗುತ್ತಿರಲಿಲ್ಲ. ಆಹಾ! ಯಾರೂ ನನ್ನನ್ನು ನೋಡಲಿಲ್ಲ. ಮೊದಲು ಹಿಲ್ಡಾಳಿಗೆ ಮನಸ್ಸಿನಲ್ಲೇ ಬೈದೆ. ಆಮೇಲೆ ಲವೀನಾಳಿಗೆ, ತಮ್ಮಂದಿರಿಗೆ, ಸ್ಲ್ಯಾಬ್ ಹಾಕಿದ ಮೇಸ್ತ್ರಿಗೆ, ಪ್ರತಿ ವರ್ಷ ‘ಊರಿಗೆ ತಾನೆ?’ ಎಂದು ಕೇಳುವ ನಮ್ಮ ವಾರ್ಡಿನ ಇನ್‌ಚಾರ್ಜಿಗೆ. ಮಧ್ಯಾಹ್ನದ ಹೊತ್ತಿಗೆ ಬೈಯಲು ಜನ ಮುಗಿದರು. ಹುಡುಕಿದೆ, ಯಾರೂ ಸಿಗಲಿಲ್ಲ. ಆಮೇಲೆ ಸುಮ್ಮನೆ ಕೂತೆ. ಅದರ ಬಗ್ಗೆ ಹೇಳಲಿಕ್ಕೆ ಏನೂ ಇಲ್ಲ, ಏನೂ ಆಗಲಿಲ್ಲ. ನನ್ನ ಬದುಕಿನ ಬಹಳ ಒಳ್ಳೆಯ ದಿನ ಅದು.

ಸಂಜೆ ಒಣ ಬಟಾಟೆ ಹಿಡಿದುಕೊಂಡು ಬಂದೆ. ಅಲ್ಲಿಯವರು ಬಟಾಟೆಯನ್ನು ಚಳಿಗೆ ಹೆಪ್ಪುಗಟ್ಟಿಸಿ, ಕಾಲಲ್ಲಿ ತುಳಿದು, ಬಿಸಿಲಿಗೆ ಒಣಗಿಸಿ ಇಡುತ್ತಾರೆ. ನೋಡಲಿಕ್ಕೆ ಹೊಳೆಯ ಕಲ್ಲು, ತಿಂದರೂ ಹೆಚ್ಚು ಕಡಿಮೆ ಅದೇ. ಮರುದಿನ ಸಿಸ್ಟರ್ ಹಿಲ್ಡಾಳನ್ನು ಏನೋ ಕೆಲಸಕ್ಕೆ ಕಳಿಸಿದರು, ಅದರ ಮರುದಿನ ಶಕ್ಕುವನ್ನು. ಇಬ್ಬರೂ ಸಂಜೆ ಒಣ ಬಟಾಟೆ ತಂದರು. ಬಂದವರು ಮಾತೂ ಕಡಿಮೆ ಆಡಿದರು. ಎತ್ತರದ ಹವೆ, ಇನ್ನೂ ಒಗ್ಗಿಲ್ಲ ಎಂದುಕೊಂಡೆ.

ಹೊರಡುವಾಗ ಅಷ್ಟೂ ಬಟಾಟೆಯನ್ನು ಸಿಸ್ಟರ್ ನನ್ನ ಚೀಲಕ್ಕೇ ತುಂಬಿದರು. “ಲವೀನಾಳಿಗೆ ಕೊಡು. ಅವಳಿಗೆ ಇಷ್ಟ ಆಗ್ಲಿಕ್ಕಿಲ್ಲ” ಎಂದರು. “ಮತ್ತೆ ಯಾಕೆ ಸಿಸ್ಟರ್?” ಎಂದೆ. “ಗೊತ್ತಾಗಲಿ” ಎಂದರು. ಜೀವಮಾನದಲ್ಲಿ ನಾನು ಸಂತೋಷದಿಂದ ಹೊತ್ತ ಪಾರ್ಸೆಲ್ ಅದೊಂದೇ. ಸಾವೊ ಪಾಲೊದ ಫಾದರರ ಮನೆಯನ್ನೂ ಮುಗಿಸಿ ಬಹ್ರೇನಿಗೆ ಬಂದು ಕೊಟ್ಟಾಗ ಲವೀನಾ ಅದನ್ನು ಎದೆಗೊತ್ತಿಕೊಂಡು ಅತ್ತಳು. ಬೇಯಿಸಿದ ಮೇಲೆ ಇನ್ನೂ ಅತ್ತಿರಬೇಕು, ನಾನು ವಿಚಾರಿಸಲಿಲ್ಲ. ಮುಂದಿನ ವಾರ ಮಾತ್ರ ಚರ್ಚಿನಲ್ಲಿ ಹತ್ತಿರ ಬಂದು, “ಚಿಕ್ಕಮ್ಮನಿಗೆ ನಿಜವಾಗಿ ಎಂತ ಇಷ್ಟ, ನಿಮಗೇನಾದರೂ ಗೊತ್ತುಂಟಾ?” ಎಂದು ಕೇಳಿದಳು. ಅವರನ್ನೇ ಕೇಳು ಎಂದೆ.

ಈಗ ಬಹ್ರೇನಿನಲ್ಲೂ ಕೆಲವು ಶುಕ್ರವಾರ ಸಂಜೆ ನಾನು ಚಪ್ಪಲಿ ಮೆಟ್ಟಿ ಹೊರಡುತ್ತೇನೆ. ಎಲ್ಲಿಗೆ ಎಂದು ಗಂಡ ಕೇಳಿದರೆ, “ಸಿಸ್ಟರ್ ಬೆನಿಟಾ ಒಂದು ಕೆಲಸ ಹೇಳಿದ್ದಾರೆ” ಎನ್ನುತ್ತೇನೆ. ಮುಂದೆ ಪ್ರಶ್ನೆಯಿಲ್ಲ. ಸಮುದ್ರದ ಬದಿಗೆ ಹೋಗಿ, ಮೀನು ಹಿಡಿಯುವವರೂ ಬಾರದ ಮೂಲೆಯ ಒಂದು ಬೆಂಚಿನಲ್ಲಿ ಕೂರುತ್ತೇನೆ. ಅದನ್ನು ಹುಡುಕಲು ನನಗೆ ತಿಂಗಳುಗಳೇ ಹಿಡಿದವು.

ಕಳೆದ ಶುಕ್ರವಾರ ಹೋದರೆ ಆ ಬೆಂಚಿನಲ್ಲಿ ಯಾರೋ ಕೂತಿದ್ದರು. ಮೈ ಉರಿಯಿತು. ಇಷ್ಟು ದೊಡ್ಡ ಸಮುದ್ರವಿದೆ, ಇವರಿಗೆ ನನ್ನ ಬೆಂಚೇ ಆಗಬೇಕಾ? ಹತ್ತಿರ ಹೋದೆ. ಹಿಲ್ಡಾ. ಕೈಯಲ್ಲಿ ಫೋನಿಲ್ಲ, ಪಕ್ಕದಲ್ಲಿ ಚೀಲವಿಲ್ಲ, ನೀರನ್ನೇ ನೋಡುತ್ತಿದ್ದಳು. ಇಲ್ಲಿ ಏನು ಮಾಡುತ್ತಿದ್ದೀ ಎಂದು ನಾನು ಕೇಳುವ ಮೊದಲೇ ಬೆಚ್ಚಿ ಎದ್ದು ನಿಂತು ಹೇಳಿದಳು. “ಎಂತ ಇಲ್ಲ ಮಾರಾಯ್ತಿ… ಸಿಸ್ಟರ್ ಬೆನಿಟಾ ಒಂದು ಕೆಲಸ ಹೇಳಿದ್ದಾರೆ.”

ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. “ಹಾಗಾದರೆ ಕೂತ್ಕೋ, ಕೆಲಸ ಮುಗಿಸು” ಎಂದು ಹೇಳಿ, ಕರೆದರೂ ಕೇಳಿಸದಷ್ಟು ದೂರ ನಡೆದು ಬೇರೊಂದು ಬೆಂಚು ಹಿಡಿದೆ. ಅವಳು ಕರೆಯಲಿಲ್ಲ. ಶಕ್ಕು ಎಲ್ಲಿ ಕೂರುತ್ತಾಳೋ ನನಗೆ ಗೊತ್ತಿಲ್ಲ, ಕೇಳಲಿಕ್ಕೂ ಹೋಗುವುದಿಲ್ಲ.